ಹೊಳೆಯ ಆಚೆ ಕ್ಯಾವರ್‌ಶಮ್

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಲಂಡನ್ ಬಗ್ಗೆ. ನಾನು ಈ ಸಲ ಲಂಡನ್ನಿಗೆ ಕಾಲಿಡಲೇ ಇಲ್ಲ. ಮೇ ತಿಂಗಳ ಕೊನೆಯಲ್ಲಿ ಸಿಕ್ಕ ರಜೆಯನ್ನೆಲ್ಲ ರೆಡಿಂಗ್ ಎಂಬ ಊರಿನ ಒಂದು ಬಡಾವಣೆಯಲ್ಲೇ ಕಳೆದೆ. ಅದರ ಹೆಸರು ಕ್ಯಾವರ್‌ಶಮ್. ಅಕ್ಕ ಭಾವ ಅಲ್ಲಿರುತ್ತಾರೆ. ರೆಡಿಂಗ್ ಸುತ್ತ ಐಟಿ ಕಂಪನಿಗಳು ಜಾಸ್ತಿ, ಹಾಗಾಗಿ ಕನ್ನಡದವರೂ ಬೇಕಾದಷ್ಟು ಜನ ಇದ್ದಾರೆ. ಊರು ಥೇಮ್ಸ್ ನದಿಯ ದಕ್ಷಿಣಕ್ಕಿದೆ, ಕ್ಯಾವರ್‌ಶಮ್ ಉತ್ತರಕ್ಕಿದೆ. ನಡುವೆ ಹರಿಯುವ ನೀರು ಅಷ್ಟೇನೂ ಅಗಲವಿಲ್ಲ. ಆದರೆ ಕ್ಯಾವರ್‌ಶಮ್‌ನವರ ಮಾತು ಕೇಳಿದರೆ ನಡುವೆ ಸಮುದ್ರ ಇದೆಯೇನೋ ಅನ್ನಿಸುತ್ತದೆ.

ಗುರುವಾರ

ಹೀಥ್ರೂನಿಂದ ರೆಡಿಂಗ್ ಸ್ಟೇಷನ್ನಿಗೆ ನೇರ ಬಸ್ಸಿದೆ, ಲಂಡನ್ ಒಳಗೆ ಹೋಗುವ ಗೋಜೇ ಇಲ್ಲ. ಸ್ಟೇಷನ್ನಿನ ಉತ್ತರದ ಬಾಗಿಲಲ್ಲಿ ಹೊರಬಂದರೆ ಹೊಳೆಗೆ ನಡೆದೇ ಹೋಗಬಹುದು. ಭಾವ ಕಾರು ತಂದಿದ್ದರಿಂದ ನನಗೆ ಆ ಯೋಗ ಮರುದಿನಕ್ಕೆ ಹೋಯಿತು.

ಅನ್ನ, ಸಾರು, ಹಪ್ಪಳ ಆಯಿತು. ಮಲಗೋಣ ಅಂದುಕೊಂಡರೆ ಅಕ್ಕ ಬಿಡಲಿಲ್ಲ. "ಈಗ ಮಲಗಿದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತೀಯ. ನಡಿ, ಹೊಳೆ ಹತ್ರ ಹೋಗಿ ಬರೋಣ" ಎಂದು ಎಬ್ಬಿಸಿದಳು. ಎಂಟು ಗಂಟೆಗೂ ಬಿಸಿಲು ಚೆನ್ನಾಗಿಯೇ ಇತ್ತು.

ಅಕ್ಕನ ಮನೆ ಇರುವುದು ಲೋವರ್ ಕ್ಯಾವರ್‌ಶಮ್‌ನಲ್ಲಿ, ಅಂದರೆ ತಗ್ಗಿನ ಭಾಗದಲ್ಲಿ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆಗಳು. ಹೆಚ್ಚಿನವು ವಿಕ್ಟೋರಿಯಾ ರಾಣಿಯ ಕಾಲದವು. ಕೆಂಪು ಇಟ್ಟಿಗೆಯ ನಡುವೆ ಬೂದು ಇಟ್ಟಿಗೆ ಇಟ್ಟು ಗೋಡೆಯ ಮೇಲೇ ಚಿತ್ತಾರ ಬಿಡಿಸಿದ್ದಾರೆ. ಒಂದು ಬೀದಿಯ ಚಿತ್ತಾರ ಇನ್ನೊಂದು ಬೀದಿಯಲ್ಲಿಲ್ಲ. ಆಗ ರೆಡಿಂಗ್ ಎಂದರೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕೆಟ್, ಸೈಮಂಡ್ಸ್ ಬಿಯರ್, ಸಟನ್ಸ್ ಬೀಜ. ಕೆಲಸ ಹೊಳೆಯ ಆಚೆ, ಮನೆ ಈಚೆ. ಗುಡ್ಡದ ಮೇಲೆ ಕ್ಯಾವರ್‌ಶಮ್ ಹೈಟ್ಸ್ ಅಂತ ಇದೆ. ಅಲ್ಲಿ ದೊಡ್ಡ ತೋಟದ ದೊಡ್ಡ ಮನೆಗಳು. ಮೇಲಿನ ಕೇರಿ, ಕೆಳಗಿನ ಕೇರಿ ಎಲ್ಲ ಕಡೆಯೂ ಇರುತ್ತೆ ಅಲ್ವಾ.

ಹುಲ್ಲುಗಾವಲು ದಾಟಿದರೆ ಕ್ರೈಸ್ಟ್‌ಚರ್ಚ್ ಸೇತುವೆ. 2015ರಲ್ಲಿ ಬಂದಿದ್ದು. ಕಾಲ್ನಡಿಗೆಯವರಿಗೆ, ಸೈಕಲ್‌ನವರಿಗೆ ಮಾತ್ರ. 39 ಮೀಟರ್ ಎತ್ತರದ ಒಂದೇ ಕಂಬ, ಅದರಿಂದ ಇಳಿಬಿಟ್ಟ ತಂತಿಗಳು. ಕತ್ತಲಾದ ಮೇಲೆ ಬಣ್ಣದ ದೀಪ ಹತ್ತುತ್ತದೆ. ನೋಡಲು ಕಾಯಬೇಕೆಂದರೆ ಮೇ ತಿಂಗಳಲ್ಲಿ ಒಂಬತ್ತೂವರೆ ದಾಟಬೇಕು, ಸ್ವೆಟರ್ ಬೇಕೇ ಬೇಕು.

ದಡದಲ್ಲಿ ಕೆನಡಾ ಬಾತುಗಳ ದಂಡು. ಮರಿಗಳು ಹಳದಿ ಹತ್ತಿಯ ಉಂಡೆಗಳ ಹಾಗೆ. ಫೋಟೊ ತೆಗೆಯಲು ಬಗ್ಗಿದೆ, ತಾಯಿ ಬಾತು ಕತ್ತು ಚಾಚಿ ಬುಸ್ಸೆಂದು ಬಂತು. ಹಿಂದೆ ಸರಿಯುವಾಗ ಹಿಕ್ಕೆ ತುಳಿದೆ. ಇಲ್ಲಿಗೆ ಬಿಳಿ ಶೂ ಹಾಕಿಕೊಂಡು ಬರಬಾರದು.

ಶೂ ಒರೆಸುತ್ತಿದ್ದಾಗ ನಾಯಿ ಹಿಡಿದ ಅಜ್ಜ ಒಬ್ಬರು ನಿಂತು ನಕ್ಕರು. ಹವಾಮಾನದ ಮಾತು ಮುಗಿದ ಮೇಲೆ ಹೊಳೆಯ ನಡುವಿನ ನಡುಗಡ್ಡೆ ತೋರಿಸಿದರು. ಫ್ರೈಸ್ ಐಲ್ಯಾಂಡ್. ದೋಣಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. 1163ರಲ್ಲಿ ಅಲ್ಲೊಂದು ಕತ್ತಿ ಕಾಳಗ ನಡೆದಿತ್ತಂತೆ. ವೇಲ್ಸ್ ಯುದ್ಧದಲ್ಲಿ ರಾಜನ ಬಾವುಟ ಕೆಳಗೆ ಹಾಕಿ ಓಡಿದ ಎಂದು ಎಸೆಕ್ಸ್‌ನ ಹೆನ್ರಿಯ ಮೇಲೆ ರಾಬರ್ಟ್ ಡಿ ಮಾಂಟ್‌ಫರ್ಟ್ ಆರೋಪ ಹೊರಿಸಿದ. ಸಾಕ್ಷಿ ಕೇಳುವ ಬದಲು ಇಬ್ಬರನ್ನೂ ಕಾದಾಡಲು ಬಿಟ್ಟರು. ಗೆದ್ದವನದೇ ಸತ್ಯ. ಎರಡನೇ ಹೆನ್ರಿ ರಾಜನ ಎದುರಿಗೇ ಎಸೆಕ್ಸ್‌ನವನು ಸೋತು ಬಿದ್ದ. ಸತ್ತ ಎಂದುಕೊಂಡು ರೆಡಿಂಗ್ ಮಠದ ಸನ್ಯಾಸಿಗಳು ಹೂಳಲು ಹೊತ್ತುಕೊಂಡು ಹೋದರು. ಅಲ್ಲಿ ಅವನಿಗೆ ಉಸಿರು ಬಂತು! ಆಸ್ತಿಯೆಲ್ಲ ಹೋಗಿತ್ತು, ಅದೇ ಮಠದಲ್ಲಿ ಸನ್ಯಾಸಿಯಾಗಿ ಉಳಿದ.

"ನೀವು ರೆಡಿಂಗ್‌ನವರಾ?" ಎಂದು ಕೇಳಿದೆ. ಅಜ್ಜ ನಾಯಿಯ ಹಗ್ಗ ಬಿಗಿ ಮಾಡಿಕೊಂಡು, "ಇಲ್ಲಪ್ಪ, ಕ್ಯಾವರ್‌ಶಮ್" ಅಂದರು.

ಶುಕ್ರವಾರ

ಬೆಳಿಗ್ಗೆಯಿಂದ ಮಳೆ. ನಮ್ಮ ಮಲೆನಾಡಿನ ಮಳೆಯ ಗತ್ತು ಇದಕ್ಕಿಲ್ಲ. ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕೊಡೆ ಬಿಚ್ಚಿದವನು ನಾನೊಬ್ಬನೇ. ಉಳಿದವರು ಟೋಪಿ ಎಳೆದುಕೊಂಡು ಸುಮ್ನೆ ನಡೆಯುತ್ತಿದ್ದರು.

ಚರ್ಚ್ ಸ್ಟ್ರೀಟ್‌ನ ಲೈಬ್ರರಿಗೆ ಹೊಕ್ಕೆ. 1907ರ ಕಟ್ಟಡ, ಅಮೆರಿಕದ ಉಕ್ಕಿನ ಸಾಹುಕಾರ ಕಾರ್ನೆಗಿಯ ದುಡ್ಡಿನಲ್ಲಿ ಕಟ್ಟಿದ್ದು. ಎದುರಿಗೆ ಗಡಿಯಾರ, ಒಳಗೆ ಬೆಚ್ಚಗೆ. ಪ್ರವಾಸಿಗರು ಹೋಗಿ ಕೂತರೂ ಯಾರೂ ಏನೂ ಕೇಳುವುದಿಲ್ಲ. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರ ಜೊತೆ ಮಾತಿಗೆ ಸಿಕ್ಕಿಬಿದ್ದೆ. ನಿನ್ನೆಯ ಅಜ್ಜನ ಉತ್ತರ ಹೇಳಿದಾಗ ಅವರು ಜೋರಾಗಿ ನಕ್ಕರು. ಲೈಬ್ರರಿಯಲ್ಲಿ ಅಷ್ಟು ಜೋರಾಗಿ ನಗಬಹುದು ಅಂತ ಗೊತ್ತಿರಲಿಲ್ಲ.

ವಿಷಯ ಇಷ್ಟು. 1911ರವರೆಗೆ ಕ್ಯಾವರ್‌ಶಮ್ ಆಕ್ಸ್‌ಫರ್ಡ್‌ಶೈರ್ ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ಬರ್ಕ್‌ಶೈರ್. ಆ ವರ್ಷ ರೆಡಿಂಗ್ ತನ್ನ ಗಡಿ ಹಿಗ್ಗಿಸಿ ಇದನ್ನು ಒಳಗೆ ಹಾಕಿಕೊಂಡಿತು. ಇಲ್ಲಿನವರು ಬೇಡವೆಂದು ಹಟ ಹಿಡಿದಿದ್ದರು. ಅವರನ್ನು ಒಲಿಸಲು ಕೊಟ್ಟ ಮಾತು ಒಳ್ಳೆಯ ಸೇತುವೆಗಳದು. ಯುದ್ಧ ಬಂದು ಎಲ್ಲ ತಡವಾಯಿತು. 1923ರಲ್ಲಿ ರೆಡಿಂಗ್ ಸೇತುವೆ, 1926ರಲ್ಲಿ ಹಳೆಯ ಕಬ್ಬಿಣದ ಸೇತುವೆಯ ಜಾಗದಲ್ಲಿ ಈಗಿನ ಕ್ಯಾವರ್‌ಶಮ್ ಸೇತುವೆ ಬಂತು. ಮುಂದೆ ಎಂಟನೇ ಎಡ್ವರ್ಡ್ ಆದ ಯುವರಾಜನೇ ಬಂದು ಉದ್ಘಾಟಿಸಿದ್ದು.

"ನಮ್ಮಜ್ಜಿ ಕಾಗದದ ಮೇಲೆ ಕೊನೆತನಕ ಆಕ್ಸ್‌ಫರ್ಡ್‌ಶೈರ್ ಅಂತಲೇ ಬರೀತಿದ್ದರು. ಪೋಸ್ಟಿನವನು ತಲುಪಿಸ್ತಿದ್ದ" ಎಂದರು ಹಿರಿಯರು. ಮೂರನೇ ಸೇತುವೆಯ ಮಾತು ಎತ್ತಿದವರೂ ಅವರೇ. ಕಾರು ಹೋಗುವಂಥದ್ದು ಇವೆರಡೇ. ಇವು ಬಿಟ್ಟರೆ ಪೂರ್ವಕ್ಕೆ ಸಾನಿಂಗ್‌ನ ಹಳೆಯ ಇಕ್ಕಟ್ಟು ಸೇತುವೆ, ಪಶ್ಚಿಮಕ್ಕೆ ಟೋಲ್ ಕಟ್ಟಿ ದಾಟುವ ವಿಚ್‌ಚರ್ಚ್ ಸೇತುವೆ. ಇನ್ನೊಂದು ಬೇಕೆಂದು ರೆಡಿಂಗ್ ದಶಕಗಳಿಂದ ಕೇಳುತ್ತಿದೆ. ಆದರೆ ಅದರ ಉತ್ತರದ ತುದಿ ಇಳಿಯಬೇಕಾಗಿದ್ದು ಆಕ್ಸ್‌ಫರ್ಡ್‌ಶೈರ್ ನೆಲದಲ್ಲಿ. ಲಾರಿಗಳೆಲ್ಲ ನಮ್ಮ ಹಳ್ಳಿ ರಸ್ತೆಗೆ ನುಗ್ಗುತ್ತವೆ ಎಂದು ಅವರು ಒಪ್ಪುವುದಿಲ್ಲ.

"ನಿಮಗೆ ಬೇಕಾ, ಬೇಡವಾ?" ಅಂದೆ.

"ಬೆಳಿಗ್ಗೆ ಎಂಟಕ್ಕೆ ಬೇಕು. ಭಾನುವಾರ ಬೇಡ."

ಮಧ್ಯಾಹ್ನ ಮಳೆ ತುಸು ಬಿಟ್ಟಿತು. ಸೇಂಟ್ ಪೀಟರ್ಸ್ ಚರ್ಚಿನ ಕಡೆ ಏರಿದೆ. ಪಕ್ಕದಲ್ಲೇ ಕ್ಯಾವರ್‌ಶಮ್ ಕೋರ್ಟ್ ತೋಟ. ಇಲ್ಲಿದ್ದ ದೊಡ್ಡ ಮನೆಯನ್ನು 1933ರಲ್ಲಿ ಕೆಡವಿದರು. ಉಳಿದದ್ದು ತೋಟ, ಹಳೆಯ ಯೂ ಮರಗಳ ದಪ್ಪ ಬೇಲಿ, ಹೊಳೆ ನೋಡುತ್ತ ಕೂರಲು 17ನೇ ಶತಮಾನದ ಪುಟ್ಟ ಮಂಟಪ. ಒಳಗೆ ಹೋಗಲು ದುಡ್ಡಿಲ್ಲ. ಚಹಾದ ಗೂಡಂಗಡಿಯನ್ನು ಊರಿನ ಸೇವಾಸಂಸ್ಥೆಗಳು ಸರದಿಯ ಮೇಲೆ ನಡೆಸುತ್ತವೆ. ನಾನು ಹೋದ ದಿನ ಇಬ್ಬರು ಅಜ್ಜಿಯರಿದ್ದರು. ನಿಂಬೆಹಣ್ಣಿನ ಕೇಕ್ ಮನೆಯಲ್ಲೇ ಮಾಡಿ ತಂದದ್ದು, ಅಂಚು ಸ್ವಲ್ಪ ಕರಟಿತ್ತು. ಆ ಕರಟಿದ ಅಂಚೇ ನನಗೆ ಹಿಡಿಸಿದ್ದು. ಇನ್ನೊಂದು ಕೇಳಿದಾಗ ಅಜ್ಜಿ ಬೇಕೆಂದೇ ಮೂಲೆಯ ತುಂಡು ಹುಡುಕಿ ಕೊಟ್ಟರು.

ಈ ಬಡಾವಣೆಯಲ್ಲಿ ಚರಿತ್ರೆಯ ದೊಡ್ಡವರು ಎಷ್ಟು ಜನ ಬಂದು ಹೋಗಿದ್ದಾರೆ ಅಂದರೆ, ನಂಬಲು ಕಷ್ಟ. ವಿಲಿಯಂ ಮಾರ್ಷಲ್ 1219ರಲ್ಲಿ ತೀರಿಕೊಂಡಿದ್ದು ಕ್ಯಾವರ್‌ಶಮ್‌ನ ತನ್ನ ಮನೆಯಲ್ಲಿ. ಬಾಲಕ ರಾಜ ಮೂರನೇ ಹೆನ್ರಿಯ ಪರವಾಗಿ ಇಡೀ ಇಂಗ್ಲೆಂಡನ್ನು ನೋಡಿಕೊಳ್ಳುತ್ತಿದ್ದವನು. ಸಾಯುವುದು ಗೊತ್ತಾದಾಗ ಲಂಡನ್ ಬಿಟ್ಟು ಇಲ್ಲಿಗೆ ಬಂದ. ರಾಜ್ಯಭಾರ ಕೆಲವು ವಾರ ಈ ಹೊಳೆದಂಡೆಯಿಂದಲೇ ನಡೆಯಿತು.

ಯಾತ್ರಿಕರೂ ಬರುತ್ತಿದ್ದರು. ಇಲ್ಲೊಂದು ಹೆಸರಾದ ಮೇರಿಯ ಗುಡಿ ಇತ್ತು, ಬೆಳ್ಳಿಯ ತಗಡು ಹೊದಿಸಿದ ಮೂರ್ತಿ. ಎಂಟನೇ ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನ್ 1532ರಲ್ಲಿ ಬಂದು ಪ್ರಾರ್ಥಿಸಿದ್ದಳು. ಗಂಡ ಅವಳನ್ನು ಬಿಡಲು ಹೊರಟಿದ್ದ ಕಾಲ ಅದು. ಆರು ವರ್ಷಕ್ಕೆ ಅದೇ ಗಂಡನ ಆಜ್ಞೆಯ ಮೇಲೆ ಡಾಕ್ಟರ್ ಜಾನ್ ಲಂಡನ್ ಎಂಬ ಅಧಿಕಾರಿ ಬಂದು ಗುಡಿ ಕೀಳಿಸಿ, ಮೂರ್ತಿಯನ್ನು ಲಂಡನ್ನಿಗೆ ಸಾಗಿಸಿದ. ಅವನು ಮೇಲಿನವರಿಗೆ ಬರೆದ ಪತ್ರದಲ್ಲಿ ಒಂದೇ ರೆಕ್ಕೆಯ ದೇವದೂತನ ಮಾತು ಬರುತ್ತದೆ. ಏಸುವಿನ ಪಕ್ಕೆಗೆ ಇರಿದ ಭರ್ಜಿಯ ಮೊನೆಯನ್ನು ಆ ದೇವದೂತ ಕ್ಯಾವರ್‌ಶಮ್‌ಗೆ ತಂದಿದ್ದನಂತೆ! ಒಂದು ರೆಕ್ಕೆಯಲ್ಲಿ ಹೇಗೆ ಹಾರಿದ ಅಂತ ಆ ಅಧಿಕಾರಿಗೆ ಅನುಮಾನ ಬಂದಿರಬೇಕು. ಈಗ ಕ್ಯಾಥೊಲಿಕ್ ಚರ್ಚಿನಲ್ಲಿ ಮೇರಿಗೆ ಮತ್ತೆ ಪುಟ್ಟ ಗುಡಿ ಇದೆ. ನಾನು ಹೋದಾಗ ಒಬ್ಬ ಮಲಯಾಳಿ ನರ್ಸ್ ಮೇಣದಬತ್ತಿ ಹಚ್ಚುತ್ತಿದ್ದರು. ನೈಟ್ ಡ್ಯೂಟಿಗೆ ಮೊದಲು ಬರುವುದು ರೂಢಿ ಎಂದರು.

ಪ್ರೀಸ್ಟ್ ಹಿಲ್ ಏರಿದರೆ ರಸ್ತೆ ಬದಿಯಲ್ಲೇ ಸೇಂಟ್ ಆ್ಯನ್ ಬಾವಿ. ರೋಗ ವಾಸಿಮಾಡುವ ನೀರು ಎಂದು ಆ ಯಾತ್ರಿಕರು ಹತ್ತಿ ಬರುತ್ತಿದ್ದ ಜಾಗ. ಆಮೇಲೆ ಮುಚ್ಚಿಹೋಗಿ, 1906ರಲ್ಲಿ ಮತ್ತೆ ಸಿಕ್ಕಿತು. ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಇಣುಕಿದೆ. ಚಿಪ್ಸ್ ಪೊಟ್ಟಣ ಕಂಡಿತು.

ಶನಿವಾರ

ಬಿಸಿಲು! ಅಕ್ಕ ಚಪಾತಿ, ಆಲೂಗಡ್ಡೆ ಪಲ್ಯ ಕಟ್ಟಿಕೊಟ್ಟಳು. ಸೊಸೆ, ಅಂದರೆ ಅಕ್ಕನ ಮಗಳು, ಒಂಬತ್ತನೇ ಕ್ಲಾಸು, ದಾರಿ ತೋರಿಸಲು ಹೊರಟಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಸಿಟ್ಟು ಬಂದರೆ ಮಾತ್ರ ಇಂಗ್ಲಿಷ್.

ಬಾಲ್‌ಮೋರ್ ವಾಕ್ ಎಂಬ ಹುಲ್ಲಿನ ಗುಡ್ಡೆಗೆ ಹೋದೆವು. ಕೆಳಗೆ ಕ್ಯಾವರ್‌ಶಮ್‌ನ ಹೊಗೆಗೂಡುಗಳು, ಆಮೇಲೆ ಮರಗಳ ಸಾಲಿನಲ್ಲಿ ಅಡಗಿದ ಹೊಳೆ, ಅದರಾಚೆ ರೆಡಿಂಗ್‌ನ ಗಾಜಿನ ಕಟ್ಟಡಗಳು. ಎರಡು ಊರು ಎನ್ನುವ ಮಾತು ಇಲ್ಲಿ ನಿಂತರೆ ಅರ್ಥವಾಗುತ್ತದೆ. ಈಚೆ ಒಂದೂ ಎತ್ತರದ ಕಟ್ಟಡವಿಲ್ಲ.

ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ತಲೆಯ ಮೇಲೆ ಸಿಳ್ಳೆ. ಕವಲು ಬಾಲದ ಕೆಂಪು ಹದ್ದುಗಳು ಸುತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಇವು ಅಳಿದೇಹೋಗಿದ್ದವು. 1989ರಿಂದ ಕೆಲವು ವರ್ಷ ಸ್ಪೇನ್‌ನಿಂದ ಮರಿಗಳನ್ನು ತಂದು ಹತ್ತಿರದ ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟರು. ಈಗ ನಮ್ಮೂರ ಕಾಗೆಯಷ್ಟೇ ಮಾಮೂಲಿ. ಇದನ್ನೆಲ್ಲ ಸೊಸೆ ಹೇಳುತ್ತಿದ್ದ ಹಾಗೇ ಒಂದು ಹದ್ದು ಸರ್ರನೆ ಇಳಿದು ನನ್ನ ಕೈಯಲ್ಲಿದ್ದ ಚಪಾತಿ ಕಸಿದುಕೊಂಡು ಹೋಯಿತು. ಬೆರಳಿಗೆ ಗೀರು. ಇಪ್ಪತ್ತು ಅಡಿ ಮೇಲೆ ಹೋಗಿ ಚಪಾತಿ ಕೈಬಿಟ್ಟಿತು.

"ಮಾಮ, ಅದಕ್ಕೆ ಅಮ್ಮನ ಪಲ್ಯ ಇಷ್ಟ ಆಗಲಿಲ್ಲ" ಅಂದಳು. ನೀವು ಹೋದರೆ ಮರದ ಕೆಳಗೆ ಕೂತು ತಿನ್ನಿ.

ಅಲ್ಲಿಂದ ಕ್ಯಾವರ್‌ಶಮ್ ಪಾರ್ಕ್ ಕಡೆ. ನಡೆಯಲಾಗದವರಿಗೆ ಗುಲಾಬಿ ಬಣ್ಣದ ಬಸ್ಸಿದೆ, ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಮಹಲು ಖಾಸಗಿ ಜಾಗ, ಒಳಗೆ ಬಿಡುವುದಿಲ್ಲ. ಗೇಟಿನ ಬಳಿ ನಿಂತು ಮರಗಳ ಸಂದಿಯಲ್ಲಿ ಕಂಡಷ್ಟೇ. ಆದರೂ ಹೋಗಬೇಕಿತ್ತು, ನನಗೆ ಈ ಮನೆಯ ಕಥೆ ಕೇಳಿಯೇ ಗೊತ್ತಿತ್ತು.

1647ರಲ್ಲಿ ಸೆರೆಸಿಕ್ಕ ಒಂದನೇ ಚಾರ್ಲ್ಸ್ ರಾಜನನ್ನು ಇಲ್ಲಿದ್ದ ಹಳೆಯ ಮನೆಯಲ್ಲಿ ಇಟ್ಟಿದ್ದರು. ಮಕ್ಕಳನ್ನು ನೋಡಲು ಎರಡು ದಿನ ಅವಕಾಶ ಕೊಟ್ಟರು. ಎರಡು ವರ್ಷ ತುಂಬುವುದರೊಳಗೆ ಅವನ ತಲೆ ಹೋಯಿತು. ಈಗಿನ ಮಹಲು 1850ರ ಬೆಂಕಿಯ ನಂತರ ಕಟ್ಟಿದ್ದು. ಮಾಲೀಕ ಕ್ರಾಶೇ ಕಬ್ಬಿಣದ ಸಾಹುಕಾರ, ಹಾಗಾಗಿ ಮನೆಯ ಎಲುಬೂ ಕಬ್ಬಿಣದ್ದೇ.

1943ರಲ್ಲಿ ಬಿಬಿಸಿ ಮಾನಿಟರಿಂಗ್ ಇಲ್ಲಿಗೆ ಬಂತು. ಕೆಲಸ ಏನು ಗೊತ್ತೇ? ರೇಡಿಯೊ ಕೇಳುವುದು. ಪ್ರಪಂಚದ ಯಾವ ದೇಶ ಯಾವ ಭಾಷೆಯಲ್ಲಿ ಏನು ಹೇಳುತ್ತಿದೆ ಎಂದು ಹಗಲು ರಾತ್ರಿ ಕೇಳಿ, ಅನುವಾದಿಸಿ, ಸರ್ಕಾರಕ್ಕೂ ಸುದ್ದಿಮನೆಗೂ ಕಳಿಸುವುದು. ಯುರೋಪಿನಿಂದ ತಪ್ಪಿಸಿಕೊಂಡು ಬಂದ ಪಂಡಿತರೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ವಿಯೆನ್ನಾದ ಕಲಾ ಇತಿಹಾಸಕಾರ ಅರ್ನ್ಸ್ಟ್ ಗಾಂಬ್ರಿಕ್ ಅವರಲ್ಲೊಬ್ಬ. 1945ರಲ್ಲಿ ಜರ್ಮನ್ ರೇಡಿಯೊ ಮುಖ್ಯ ಪ್ರಕಟಣೆಯಿದೆ ಎಂದು ಹೇಳಿ ಸಂಗೀತಕಾರ ಬ್ರೂಕ್ನರ್‌ನ ಏಳನೇ ಸಿಂಫನಿಯ ನಿಧಾನದ ಭಾಗ ಹಾಕಿತು. ಇನ್ನೊಬ್ಬ ಸಂಗೀತಕಾರ ವಾಗ್ನರ್‌ನ ಸಾವಿನ ನೆನಪಿಗೆ ಬೆಸೆದ ಸಂಗೀತ ಅದು. ಗಾಂಬ್ರಿಕ್‌ಗೆ ಆಗಲೇ ಗೊತ್ತಾಯಿತು, ಹಿಟ್ಲರ್ ಸತ್ತಿದ್ದಾನೆ ಎಂದು. 1962ರಲ್ಲಿ ಕ್ಯೂಬಾದಿಂದ ಕ್ಷಿಪಣಿ ಹಿಂದೆಗೆಯುವ ಸೋವಿಯತ್ ನಾಯಕ ಕ್ರುಶ್ಚೇವ್ ಮಾತು ಮಾಸ್ಕೋ ರೇಡಿಯೊದಲ್ಲಿ ಬಂದಾಗ ಅದನ್ನು ಹಿಡಿದದ್ದೂ ಈ ಗುಡ್ಡದ ಮೇಲಿನ ಕಿವಿಗಳೇ.

2018ರಲ್ಲಿ ಬಿಬಿಸಿ ಲಂಡನ್ನಿಗೆ ಹೋಯಿತು. ಅಲ್ಲಿ ಕೆಲಸ ಮಾಡಿದ ಒಬ್ಬರು ಬಸ್ ಸ್ಟಾಪಿನಲ್ಲಿ ಸಿಕ್ಕರು, ರಷ್ಯನ್ ವಿಭಾಗ. ಮನೆಯಲ್ಲಿ ಈಗ ಏನು ಕೇಳುತ್ತೀರಿ ಎಂದೆ. "ಏನೂ ಇಲ್ಲ. ರೇಡಿಯೊನೇ ಇಟ್ಟಿಲ್ಲ" ಎಂದರು.

ಭಾನುವಾರ

ಭಾವ ಕಾರು ತೆಗೆದರು. ಕ್ಯಾವರ್‌ಶಮ್ ದಾಟಿದ ಕೂಡಲೇ ರಸ್ತೆ ಸಪೂರವಾಗುತ್ತದೆ. ಎರಡೂ ಕಡೆ ಬೇಲಿ, ಮೇಲೆ ಬೀಚ್ ಮರಗಳ ಚಪ್ಪರ. ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಕುದುರೆ ಸವಾರರು ಬಂದರಂತೂ ಇಂಜಿನ್ ಆಫ್ ಮಾಡಿ ಕಾಯಬೇಕು, ಆಮೇಲೆ ಕೈ ಎತ್ತಿ ನಮಸ್ಕಾರ.

ಹೋಗಿದ್ದು ಸ್ಟೋಕ್ ರೋ ಎಂಬ ಹಳ್ಳಿಗೆ. ರಸ್ತೆ ಬದಿಯಲ್ಲಿ ಗುಮ್ಮಟದ ಮಂಟಪ, ಒಳಗೆ ಚಿನ್ನದ ಬಣ್ಣದ ಆನೆ! 1864ರಲ್ಲಿ ಕಾಶಿಯ ಮಹಾರಾಜ ಈಶ್ವರಿ ಪ್ರಸಾದ ನಾರಾಯಣ ಸಿಂಗ್ ಕಟ್ಟಿಸಿಕೊಟ್ಟ ಬಾವಿ. ಈ ಕಡೆಯ ಎಡ್ವರ್ಡ್ ರೀಡ್ ಎಂಬಾತ ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ, ಅಲ್ಲಿ ಒಂದು ಊರಿಗೆ ಬಾವಿ ತೋಡಿಸಿದ್ದ. ತನ್ನ ಊರಲ್ಲೂ ನೀರಿಗೆ ಹಾಹಾಕಾರ, ಮನೆಯ ಕೊನೆಯ ತಟುಕು ನೀರು ಕುಡಿದ ಹುಡುಗನಿಗೆ ಏಟು ಬಿದ್ದಿತ್ತು ಎಂದು ಮಹಾರಾಜನಿಗೆ ಹೇಳಿದ್ದನಂತೆ. ಅದು ರಾಜನ ಮನಸ್ಸಿನಲ್ಲಿ ಉಳಿಯಿತು. ಭಾರತದ ರಾಜನ ದಾನ, ಇಂಗ್ಲೆಂಡಿನ ಹಳ್ಳಿಗೆ. ನಾವು ಕೇಳಿದ್ದು ಹೆಚ್ಚಾಗಿ ಉಲ್ಟಾ ಕಥೆಗಳನ್ನೇ.

ನಾಲ್ಕು ಅಡಿ ಅಗಲ, 368 ಅಡಿ ಆಳ. ಕೈಯಲ್ಲೇ ತೋಡಿದ್ದು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಇದರೊಳಗೆ ಇಳಿಸಿದರೆ ತುದಿಯ ಶಿಲುಬೆಯೂ ಮುಳುಗುತ್ತದೆ. ಖರ್ಚಿಗೆಂದು ಪಕ್ಕದಲ್ಲಿ ಚೆರ್ರಿ ತೋಟ ಹಾಕಿಸಿದರು, ಅದರಲ್ಲಿ ಮೀನಿನ ಆಕಾರದ ಕೊಳ. ಮೀನು ಮಹಾರಾಜನ ಲಾಂಛನ.

ಕ್ಯಾವರ್‌ಶಮ್‌ನಲ್ಲಿ ನೆರೆ ಬರುತ್ತದೆ, ಇಲ್ಲಿ ಕುಡಿಯಲು ನೀರಿರಲಿಲ್ಲ, ಅದೂ ಕಾರಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ. ಕಾರಣ ಸುಣ್ಣದ ಕಲ್ಲಿನ ನೆಲ. ಬಿದ್ದ ಮಳೆಯೆಲ್ಲ ಒಳಗಿಳಿದು ಹೋಗುತ್ತದೆ. ಹೊಳೆ ಮಾತ್ರ ಮೇಲಿನ ಊರುಗಳ ನೀರನ್ನೂ ಹೊತ್ತು ತರುತ್ತದೆ. 1947ರ ಮಾರ್ಚ್‌ನಲ್ಲಿ ಹಿಮ ಕರಗಿ ಲೋವರ್ ಕ್ಯಾವರ್‌ಶಮ್ ಬೀದಿಗಳಲ್ಲಿ ದೋಣಿ ಓಡಾಡಿದವು. 2024ರ ಜನವರಿಯಲ್ಲೂ ಹುಲ್ಲುಗಾವಲು ಪೂರ್ತಿ ಮುಳುಗಿತ್ತು. "ಮನೆ ನೋಡೋಕೆ ಹೋದಾಗ ಅಡುಗೆಮನೆ ಆಮೇಲೆ ನೋಡಿ, ಮೊದಲು ನೆರೆಯ ನಕ್ಷೆ ನೋಡಿ" ಎನ್ನುವುದು ಭಾವನವರ ಸಲಹೆ. ಅವರ ಇನ್ಶೂರೆನ್ಸ್ ಕಂತು ಪ್ರತಿ ವರ್ಷ ಏರುತ್ತಿದೆ.

ಸಂಜೆ ಅದೇ ನೀರಿನ ಬಳಿ ಹೋದೆವು. ದೋಣಿಗಳನ್ನು ಏರಿಸಿ ಇಳಿಸುವ ಕ್ಯಾವರ್‌ಶಮ್ ಲಾಕ್ ಪಕ್ಕದ ವ್ಯೂ ಐಲ್ಯಾಂಡ್ ಎಂಬ ನಡುಗಡ್ಡೆ. ಅಣೆಕಟ್ಟೆಯ ಹತ್ತಿರ ರೆಡಿಂಗ್ ಹೈಡ್ರೋ ಇದೆ. ಊರಿನವರೇ ಷೇರು ಹಾಕಿ ಕಟ್ಟಿದ ವಿದ್ಯುತ್ ಘಟಕ, 2021ರಿಂದ ನಡೆಯುತ್ತಿದೆ. ಎರಡು ದೊಡ್ಡ ತಿರುಪುಗಳು ನೀರಿನ ಭಾರಕ್ಕೆ ನಿಧಾನ ಸುತ್ತುತ್ತವೆ. ಮೀನು ಹತ್ತಿ ಹೋಗಲು ಪಕ್ಕದಲ್ಲಿ ದಾರಿಯೂ ಇದೆ. ಒಬ್ಬ ಹೆಂಗಸು ಕಸ ತೆಗೆಯುತ್ತಿದ್ದರು, ಸಂಬಳವಿಲ್ಲದ ಕೆಲಸ. ಕೋಲಿಗೆ ಸಿಕ್ಕ ಫುಟ್‌ಬಾಲ್ ಎತ್ತಿ ಸೊಸೆಗೆ ಎಸೆದರು. ಇವರು ಹೊಳೆಯ ದಕ್ಷಿಣದವರು. ಕ್ಯಾವರ್‌ಶಮ್‌ನವರು ಬರುತ್ತಾರಾ ಎಂದು ಕೇಳಿದೆ. "ಬರ್ತಾರೆ, ಬರ್ತಾರೆ. ನೀರು ಇಬ್ಬರದೂ ಅಲ್ವಾ" ಎಂದರು.

ಸೋಮವಾರ

ವಿಮಾನ ಮಧ್ಯಾಹ್ನ. ಎಂಟು ಗಂಟೆಗೆ ಭಾವನ ಕಾರಲ್ಲಿ ಹೊರಟೆವು. ಕ್ಯಾವರ್‌ಶಮ್ ಸೇತುವೆಗೆ ಇನ್ನೂ ದೂರವಿರುವಾಗಲೇ ನಿಂತೆವು. ಮುಂದೆ ಕಾರು, ಹಿಂದೆ ಕಾರು. ರೆಡಿಂಗ್ ಸೇತುವೆಯ ಕಡೆ ತಿರುಗಿಸಿದರೆ ಅಲ್ಲೂ ಅಷ್ಟೇ ಎಂದು ಫೋನ್ ತೋರಿಸಿತು. ಹೀಥ್ರೂ ಬಸ್ಸಿಗೆ ಅರ್ಧ ಗಂಟೆ ಬಾಕಿ. ಭಾವ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ಆಕ್ಸ್‌ಫರ್ಡ್‌ಶೈರ್‌ನವರನ್ನು ಒಬ್ಬೊಬ್ಬರನ್ನಾಗಿ ಬೈದರು.

"ಮಾಮ, ಇಳಿದು ನಡಿ. ನಾನು ಬರ್ತೀನಿ" ಎಂದಳು ಸೊಸೆ. ಸೂಟ್‌ಕೇಸ್ ಎಳೆದುಕೊಂಡು ಹುಲ್ಲುಗಾವಲಿನ ದಾರಿ ಹಿಡಿದೆವು. ಒಂದು ಚಕ್ರ ಬಾತಿನ ಹಿಕ್ಕೆಯಲ್ಲಿ ಸಿಕ್ಕಿತು. ಸೈಕಲ್‌ನವರು ಗಂಟೆ ಬಾರಿಸುತ್ತ ದಾಟಿ ಹೋದರು. ಕ್ರೈಸ್ಟ್‌ಚರ್ಚ್ ಸೇತುವೆ ಹತ್ತಿ ಇಳಿದು, ಸ್ಟೇಷನ್ನಿನ ಒಳದಾರಿಯಲ್ಲಿ ಹಾಯ್ದು ಬಸ್ ಹತ್ತಿರ ಬಂದಾಗ ಇನ್ನೂ ಎಂಟು ನಿಮಿಷ ಉಳಿದಿತ್ತು. ಭಾವನಿಗೆ ಫೋನ್ ಮಾಡಿದೆವು. ಅವರು ಇನ್ನೂ ಸೇತುವೆಗೆ ಬಂದಿರಲಿಲ್ಲ.